ಸೆರೆಯಲ್ಲಿ ಬೆಳೆದವರು

ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟವರಿಗೆ ಬಿಡದಿಯನ್ನು ದಾಟುತ್ತಲೇ ಹೆಬ್ಬಂಡೆಗಳ ಸಾಲು ಎದುರಾಗುತ್ತದೆ. ಬಲಕ್ಕೆ ದೂರದಲ್ಲಿ ಮಾಗಡಿಯ ಸಾವನದುರ್ಗ. ಎದುರಿಗೆ ರಾಮನಗರದ ರಾಮಗಿರಿ. ಎಡಕ್ಕೆ, ಕನಕಪುರದ ಸೀಮೆಯಲ್ಲಿ, ಕಬ್ಬಾಳದುರ್ಗ. ಇವುಗಳ ನಡುವೆ ದಾರಿ ಚನ್ನಪಟ್ಟಣವನ್ನು ಹಾದು ಕಾವೇರಿಯ ಕಡೆಗೆ ಇಳಿಯುತ್ತದೆ. ಈ ಬೆಟ್ಟಗಳು ಇಂದು ಪ್ರವಾಸಿಗರ ಕಣ್ಣಿಗೆ ಹಬ್ಬ. ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಇವುಗಳನ್ನು ಕಂಡವರಲ್ಲಿ ಅನೇಕರಿಗೆ ಇವು ಭಯವನ್ನು ಹುಟ್ಟಿಸುತ್ತಿದ್ದವು. ಪ್ರತಿಯೊಂದು ಬೆಟ್ಟದ ನೆತ್ತಿಯ ಮೇಲೂ ಕೋಟೆ. ಕೋಟೆಯೆಂದ ಮೇಲೆ ಅದರೊಳಗೊಂದು ಸೆರೆಮನೆ.

ಕಬ್ಬಾಳದುರ್ಗದ ಹೆಸರಂತೂ ಕೇಳಿದೊಡನೆಯೇ ಎದೆ ನಡುಗಿಸುವಂಥದಾಗಿತ್ತು. ಅಲ್ಲಿಯ ಗಾಳಿ ನೀರುಗಳೇ ಕೈದಿಯನ್ನು ಕೊಲ್ಲುತ್ತವೆ, ಕೊಲೆಗಾರನ ಅಗತ್ಯವಿಲ್ಲ ಎಂದು ಜನ ನಂಬಿದ್ದರು. ಮೈಸೂರಿನ ಅರಸನೇ ಆಗಿದ್ದ ಚಾಮರಾಜ ಒಡೆಯರು ದಳವಾಯಿಗಳ ವಿರೋಧ ಕಟ್ಟಿಕೊಂಡು 1734ರಲ್ಲಿ ಪದಚ್ಯುತರಾಗಿ ಆ ಬೆಟ್ಟದ ಮೇಲೆಯೇ ಪ್ರಾಣ ಬಿಟ್ಟರು. ಅದಕ್ಕೂ ಆರು ವರ್ಷಗಳ ಮೊದಲು, 1728ರಲ್ಲಿ, ಮಾಗಡಿಯ ಕೊನೆಯ ಪ್ರಭುವಾದ ಕೆಂಪವೀರಗೌಡರು ಮೈಸೂರಿನ ಸೈನ್ಯಕ್ಕೆ ಸಿಕ್ಕಿ, ತಮ್ಮ ಮಾಗಡಿಯನ್ನೂ ಸಾವನದುರ್ಗವನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಸೆರೆಯಲ್ಲಿ ಕಾಲವಾದರು. ಅರಸರ ಸೆರೆವಾಸ ಚರಿತ್ರೆಯಲ್ಲಿ ದಾಖಲಾಗುತ್ತದೆ. ಆದರೆ ಈ ದಾರಿಗಳಲ್ಲಿ ಕಾವಲುಗಾರರ ನಡುವೆ ಕಾಲೆಳೆದುಕೊಂಡು ನಡೆದವರಲ್ಲಿ ಮಕ್ಕಳೂ ಇದ್ದರೆಂಬುದು ಹೆಚ್ಚು ಮಂದಿಗೆ ತಿಳಿಯದು.

ಯುದ್ಧದಲ್ಲಿ ಮಕ್ಕಳನ್ನು ಹಿಡಿದೊಯ್ದು ತಮ್ಮವರನ್ನಾಗಿ ಬೆಳೆಸುವ ವಾಡಿಕೆ ಯಾವುದೋ ಒಂದು ದೇಶಕ್ಕೆ ಸೇರಿದುದಲ್ಲ. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಜರ್ಮನ್ ಮೂಲದ ಒಕ್ಕಲಿನ ಕುಟುಂಬವೊಂದರ ಹರ್ಮನ್ ಲೇಮನ್ ಎಂಬ ಹುಡುಗನನ್ನು 1870ರ ಮೇ ತಿಂಗಳಲ್ಲಿ ಅಪಾಚೆ ಜನ ಹಿಡಿದೊಯ್ದರು. ಅವನಿಗೆ ಆಗ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಮೊದಲು ಅಪಾಚೆಯವರೊಡನೆಯೂ ಬಳಿಕ ಕೊಮಾಂಚೆಯವರೊಡನೆಯೂ ಬೆಳೆದು, 1878ರಲ್ಲಿ ಅವನನ್ನು ತಾಯಿಯ ಬಳಿಗೆ ಕರೆತಂದಾಗ ಅವನಿಗೆ ತಾಯ್ನುಡಿಯೇ ಮರೆತುಹೋಗಿತ್ತು. ಹಾಸಿದ ಮಂಚವನ್ನು ಬಿಟ್ಟು ನೆಲದ ಮೇಲೆ ಮಲಗುತ್ತಿದ್ದನು. ತನ್ನನ್ನು ಸೆರೆಹಿಡಿದವರನ್ನೇ ಅವನು ಬಂಧುಗಳೆಂದು ಬಗೆದಿದ್ದನು. ಇದು ನಡೆಯುವುದಕ್ಕೆ ಸುಮಾರು ತೊಂಬತ್ತು ವರ್ಷಗಳ ಮುಂಚೆಯೇ, ಇದನ್ನು ಬಹುಮಟ್ಟಿಗೆ ಹೋಲುವ ಬಾಳೊಂದು ನಮ್ಮ ಕಾವೇರಿಯ ತೀರದಲ್ಲಿ ಸಾಗಿತು. ಆ ಹುಡುಗನ ಹೆಸರು ಜೇಮ್ಸ್ ಸ್ಕರಿ.

ಸ್ಕರಿಯು ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ. ಅಂದಿನ ಇಂಗ್ಲಿಷ್ ಯುದ್ಧನೌಕೆಗಳಲ್ಲಿ ಬಡ ಮನೆಗಳ ಹುಡುಗರು ಬಹಳ ಮಂದಿ ಇರುತ್ತಿದ್ದರು. ಕದನ ನಡೆಯುವಾಗ ಮದ್ದಿನ ಚೀಲಗಳನ್ನು ಫಿರಂಗಿಯವರಿಗೆ ಓಡಿ ಓಡಿ ಮುಟ್ಟಿಸುವುದು ಅವರ ಕೆಲಸ. ಈಗ ಶಾಲೆಯಲ್ಲಿ ಕುಳಿತಿರಬೇಕಾದ ವಯಸ್ಸಿನ ಮಕ್ಕಳನ್ನು ಅಂದಿನ ಸರ್ಕಾರಗಳು ಸಮುದ್ರಕ್ಕೆ ಅಟ್ಟುತ್ತಿದ್ದವು ಎಂಬುದನ್ನು ಮುಂದಿನ ಕಥೆಯನ್ನು ಓದುವಾಗ ಮರೆಯಬಾರದು. ಸ್ಕರಿಯು ಐವತ್ತು ಫಿರಂಗಿಗಳ 'ಹ್ಯಾನಿಬಲ್' ಎಂಬ ನೌಕೆಯಲ್ಲಿದ್ದನು. 1782ರ ಜನವರಿಯಲ್ಲಿ ಆ ನೌಕೆಯು ಸುಮಾತ್ರದ ಬಳಿ ಫ್ರೆಂಚರ ನೌಕಾಪಡೆಯ ನಡುವೆ ಸಿಕ್ಕಿಬಿದ್ದಿತು. ಹಡಗಿನೊಡನೆ ಅದರ ಜನರೂ ಸೆರೆಯಾದರು.

ಆಗ ಫ್ರೆಂಚರೂ ಮೈಸೂರಿನ ಹೈದರಾಲಿಯೂ ಇಂಗ್ಲಿಷರ ವಿರುದ್ಧ ಒಂದಾಗಿದ್ದರು. ಎರಡನೆಯ ಮೈಸೂರು ಯುದ್ಧ 1780ರಿಂದ ನಡೆಯುತ್ತಿತ್ತು. ಪೊಲ್ಲಿಲೂರಿನ ಬಯಲಿನಲ್ಲಿ ಇಂಗ್ಲಿಷರ ಸೈನ್ಯವೊಂದು ಸಂಪೂರ್ಣವಾಗಿ ನಾಶವಾಗಿ, ಉಳಿದವರು ಕೈದಿಗಳಾಗಿ ಶ್ರೀರಂಗಪಟ್ಟಣವನ್ನು ಸೇರಿದ್ದರು. ಫ್ರೆಂಚ್ ನೌಕಾಧಿಪತಿ ಸುಫ್ರೆನನ ಹಡಗುಗಳಲ್ಲಿ ನೂರಾರು ಇಂಗ್ಲಿಷ್ ಕೈದಿಗಳು ತುಂಬಿಹೋಗಿದ್ದರು. ಅವರನ್ನು ಇರಿಸಲು ತಾವಿಲ್ಲ, ಉಣಿಸಲು ಧಾನ್ಯವಿಲ್ಲ. ಕಡಲೂರಿನ ತೀರದಲ್ಲಿ ಅವನು ಅವರನ್ನೆಲ್ಲ ಹೈದರಾಲಿಯ ವಶಕ್ಕೆ ಒಪ್ಪಿಸಿಬಿಟ್ಟನು. ಯೂರೋಪಿನವನೊಬ್ಬ ಯೂರೋಪಿನ ಕೈದಿಗಳನ್ನು ಹೀಗೆ ಪರರ ಕೈಗೆ ಕೊಟ್ಟುದಕ್ಕಾಗಿ ಇಂಗ್ಲಿಷರು ಸುಫ್ರೆನನನ್ನು ಬಹುಕಾಲ ನಿಂದಿಸಿದರು.

ಚಿದಂಬರದ ಕೋಟೆಯಲ್ಲಿ ಕೆಲಕಾಲವಿದ್ದು, ಕೈದಿಗಳು ಘಟ್ಟವನ್ನು ಹತ್ತಿ ಬೆಂಗಳೂರಿಗೆ ನಡೆದರು. ಸಮುದ್ರದ ಮೇಲೆಯೇ ಬೆಳೆದ ಅವರಿಗೆ ಬಿಸಿಲಿನ ನಡಿಗೆ ಹೊಸದು. ಕಾಲಿಗೆ ಜೋಡಿಲ್ಲ, ಹೊಟ್ಟೆಗೆ ಅರೆಪಡಿ. ದಾರಿಯಲ್ಲೂ ಬಂದೀಖಾನೆಯಲ್ಲೂ ರಕ್ತಭೇದಿಯಿಂದ ಅನೇಕರು ಸತ್ತರು. ಬೆಂಗಳೂರಿನಲ್ಲಿ ಒಂದು ದಿನ ಅಧಿಕಾರಿಗಳು ಬಂದು ಕೈದಿಗಳನ್ನು ಸಾಲಾಗಿ ನಿಲ್ಲಿಸಿ, ಎಳೆಯ ವಯಸ್ಸಿನವರನ್ನು ಮಾತ್ರ ಬೇರ್ಪಡಿಸಿದರು. ತಮಗೆ ಬಿಡುಗಡೆಯ ದಿನ ಬಂದಿತೆಂದು ಹುಡುಗರು ಹಿಗ್ಗಿರಬೇಕು. ಅವರನ್ನು ಹೊರಡಿಸಿದ್ದು ಶ್ರೀರಂಗಪಟ್ಟಣಕ್ಕೆ. ಹದಿನಾರರ ಆಸುಪಾಸಿನ ಸ್ಕರಿಯೂ, ಅದೇ ಹಡಗಿನ ವಿಲಿಯಂ ಡ್ರೇಕನೂ ಆ ಗುಂಪಿನಲ್ಲಿದ್ದರು.

ಶ್ರೀರಂಗಪಟ್ಟಣವನ್ನು ಸೇರಿದ ಮೇಲೆ ಹುಡುಗರಿಗೆ ಹೊಡೆತವಾಗಲಿ ಕೋಳವಾಗಲಿ ಕಾದಿರಲಿಲ್ಲ. ಕ್ಷೌರಿಕರು ಬಂದು ಅವರ ತಲೆಗಳನ್ನು ಬೋಳಿಸಿದರು. ಮತ್ತೇರಿಸುವ ಮಾಜೂಮನ್ನು ತಿನ್ನಿಸಿ ಅವರಿಗೆ ಸುನ್ನತಿ ಮಾಡಿದರು. ಗಾಯಗಳು ಮಾಗಿದ ಬಳಿಕ ಕಿವಿ ಚುಚ್ಚಿ ಬೆಳ್ಳಿಯ ಬಳೆಯನ್ನು ತೊಡಿಸಿದರು. ಅದು ದಾಸ್ಯದ ಗುರುತು. ಹಳೆಯ ಹೆಸರುಗಳು ಹೋಗಿ ಮುಸಲ್ಮಾನ ಹೆಸರುಗಳು ಬಂದವು. ಹರಿದ ಷರಾಯಿಯ ಬದಲು ದೇಶೀಯ ಉಡುಪು ಬಂದಿತು. ಹೀಗೆ ರೂಪಾಂತರಗೊಂಡವರನ್ನು 'ಚೇಲ'ರೆಂದು ಕರೆಯುತ್ತಿದ್ದರು. ಚೇಲನೆಂದರೆ ಶಿಷ್ಯ, ಆದರೆ ಇಲ್ಲಿ ಅದರ ಅರ್ಥ ಅರಸನ ಗುಲಾಮ ಸೈನಿಕನೆಂದು. ಕೆಲವು ತಮಟೆಯ ಹುಡುಗರಿಗೆ ಇನ್ನೂ ವಿಚಿತ್ರವಾದ ಪಾಡು ಒದಗಿತು. ಇಂಗ್ಲಿಷ್ ದಂಡಿನ ಮುಂದೆ ತಮಟೆ ಬಾರಿಸಿಕೊಂಡು ಬಂದಿದ್ದ ಅವರಿಗೆ ಹೆಣ್ಣುಡುಗೆ ತೊಡಿಸಿ, ಆಸ್ಥಾನದಲ್ಲಿ ನರ್ತಿಸಲು ಕಲಿಸಿದರು.

ಈ ಚೇಲರ ಪದ್ಧತಿಯು ಇಂಗ್ಲಿಷ್ ಹುಡುಗರಿಗಾಗಿ ಹುಟ್ಟಿದುದಲ್ಲ. ಅದರ ಮೊದಲ ಪೆಟ್ಟು ಬಿದ್ದದ್ದು ಕನ್ನಡದ ಮಕ್ಕಳ ಮೇಲೆ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದಾಗ, ದುರ್ಗಕ್ಕಾಗಿ ಪ್ರಾಣಕೊಟ್ಟು ಕಾದಿದ್ದ ಬೇಡರು ಮತ್ತೆ ತಲೆಯೆತ್ತದಂತೆ ಮಾಡಬೇಕೆಂದು ಆ ಜನರನ್ನೇ ಬುಡಸಹಿತ ಕಿತ್ತು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನು. ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್ ಅವರ ಸಂಖ್ಯೆಯನ್ನು ಇಪ್ಪತ್ತು ಸಾವಿರವೆಂದು ಹೇಳುತ್ತಾನೆ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ ಚೇಲರ ಪಟಾಲಮುಗಳನ್ನು ಕಟ್ಟಲಾಯಿತು. ತಂದೆ ಕಾದಿದ ಕೋಟೆಯನ್ನು ಮರೆತು, ಆ ಕೋಟೆಯನ್ನು ಗೆದ್ದವನಿಗಾಗಿ ಮಗನು ಕಾದಬೇಕು. ಸ್ಕರಿಯ ಬಗೆಗೆ ಪುಸ್ತಕವಾದರೂ ಉಳಿದಿದೆ. ಆ ಬೇಡರ ಹುಡುಗರಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿಕೊಂಡವನು ಒಬ್ಬನೂ ಇಲ್ಲ.

ಕೊಡಗಿನ ರಾಜಕುಮಾರರ ಪಾಡೂ ಇದೇ ಕಾಲದ್ದು. 1780ರಲ್ಲಿ ಲಿಂಗರಾಜನು ತೀರಿಕೊಂಡಾಗ, ಅವನ ಮಕ್ಕಳು ಚಿಕ್ಕವರೆಂಬ ನೆಪದಿಂದ ಹೈದರಾಲಿಯು ತಾನೇ ಪೋಷಕನೆಂದು ಹೇಳಿಕೊಂಡು ಅವರನ್ನು ಗೊರೂರಿನ ಕೋಟೆಯಲ್ಲಿ ಇರಿಸಿದನು. ಟೀಪೂ ಸುಲ್ತಾನನು ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದನು. ಅವರಲ್ಲಿ ಹಿರಿಯನಾದ ವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡು ಹೋಗಿ ಕೊಡಗಿನ ಅರಸನಾದನು. 1784ರಲ್ಲಿ ಕನ್ನಡ ಕರಾವಳಿಯ ಸಾವಿರಾರು ಕ್ರೈಸ್ತ ಕುಟುಂಬಗಳನ್ನು ಮಕ್ಕಳು ಮರಿಗಳೊಡನೆ ಘಟ್ಟ ಹತ್ತಿಸಿದಾಗಲೂ ಹುಡುಗರ ಆಯ್ಕೆ ಹೀಗೆಯೇ ನಡೆಯಿತು.

ಚೇಲರ ಜೀವನವು ಬರಿಯ ನರಕವಾಗಿತ್ತೆಂದು ತಿಳಿಯುವುದೂ ಸರಿಯಾಗಲಾರದು. ಇಂಗ್ಲಿಷರ ಕವಾಯತಿನ ಕ್ರಮ ಗೊತ್ತಿದ್ದ ಹುಡುಗರನ್ನು ಉಳಿದ ಚೇಲರಿಗೆ ಕವಾಯತು ಕಲಿಸಲು ನೇಮಿಸುತ್ತಿದ್ದರು. ಅವರಿಗೆ ಸಂಬಳವಿತ್ತು, ತಂಗಲು ಮನೆಯಿತ್ತು. ನಗರದ ಬೀದಿಗಳಲ್ಲಿ ಅವರು ದಖನಿಯನ್ನೂ ಕನ್ನಡವನ್ನೂ ಕೇಳುತ್ತ ಬೆಳೆದರು. ಆದರೆ ಸುಲ್ತಾನನ ಅನುಗ್ರಹವು ಯಾವಾಗ ಮುನಿಸಾಗುತ್ತದೆಯೆಂದು ಯಾರೂ ಹೇಳುವಂತಿರಲಿಲ್ಲ. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದವರಿಗೆ ಕಠಿಣ ಶಿಕ್ಷೆ ತಪ್ಪುತ್ತಿರಲಿಲ್ಲ.

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಗಿ ಯುದ್ಧವು ನಿಂತಿತು. ಎರಡು ಪಕ್ಷದವರೂ ಕೈದಿಗಳನ್ನು ಬಿಡಬೇಕೆಂದು ಅದರಲ್ಲಿ ಬರೆದಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗಗಳ ಸೆರೆಮನೆಗಳು ಬರಿದಾದವು. ಪೊಲ್ಲಿಲೂರಿನಲ್ಲಿ ಸಿಕ್ಕಿಬಿದ್ದಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯೂ ಮೂರೂವರೆ ವರ್ಷಗಳಿಗೂ ಮಿಕ್ಕ ಸೆರೆವಾಸವನ್ನು ಮುಗಿಸಿ ಹೊರಟನು. ಚೇಲ ಹುಡುಗರು ಮಾತ್ರ ಹೊರಡಲಿಲ್ಲ. ಅವರು ಕೈದಿಗಳೇ ಅಲ್ಲ, ಸುಲ್ತಾನನ ಮತವನ್ನು ಒಪ್ಪಿದ ಅವನ ಪ್ರಜೆಗಳು ಎಂಬುದು ಮೈಸೂರಿನ ಲೆಕ್ಕ. ಇಂಗ್ಲಿಷ್ ಕಂಪನಿಯೂ ಅವರಿಗಾಗಿ ಮತ್ತೆ ಯುದ್ಧ ಹೂಡಲು ಸಿದ್ಧವಿರಲಿಲ್ಲ. ಬಿಡುಗಡೆಯ ಸುದ್ದಿ ಊರಿಗೆಲ್ಲ ಹಬ್ಬಿದಾಗ ಬಿಡುಗಡೆಯಾಗದೆ ಉಳಿದವರ ಮನಸ್ಸು ಹೇಗಿದ್ದೀತು? ಸ್ಕರಿಗೆ ಆಗ ಹದಿನೆಂಟು ವರ್ಷ.

ಆ ಮೇಲಿನ ವರ್ಷಗಳಲ್ಲಿ ಮರಳುವ ಆಸೆಯನ್ನು ಬಾಳಿನ ಅಗತ್ಯಗಳು ಮೆಲ್ಲಮೆಲ್ಲನೆ ಮುಚ್ಚಿದವು. ಚೇಲರು ನೆಲೆಯಾಗಿ ನಿಲ್ಲಲೆಂದು ಸುಲ್ತಾನನು ಅವರಿಗೆ ಮದುವೆ ಮಾಡಿಸಿದನು. ವಧುಗಳು ಯುದ್ಧದಲ್ಲಿ ತಮಿಳು ನಾಡಿನಿಂದ ಹಿಡಿದು ತಂದಿದ್ದ ಹೆಣ್ಣು ಮಕ್ಕಳು. ಸೆರೆಯ ಹುಡುಗನಿಗೆ ಸೆರೆಯ ಹುಡುಗಿ. ಇಬ್ಬರ ಊರುಗಳೂ ದೂರ, ಇಬ್ಬರ ತಾಯ್ನುಡಿಗಳೂ ಬೇರೆ. ಇಬ್ಬರೂ ಕೂಡಿ ಆಡಿದ್ದು ತಮ್ಮನ್ನು ಹಿಡಿದವರ ನುಡಿ. ಬಲವಂತದಿಂದ ಕೂಡಿದ ಆ ಸಂಸಾರದಲ್ಲಿ ಒಲವು ಹುಟ್ಟಿತು. ಮಗುವಾಯಿತು.

1790ರಲ್ಲಿ ಮೂರನೆಯ ಮೈಸೂರು ಯುದ್ಧವು ಆರಂಭವಾಯಿತು. ಈ ಬಾರಿ ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ ಎಂಬ ಮೂವರೂ ಒಂದು ಕಡೆ. ಸ್ಕರಿಯು ಇತರ ಕೆಲವರೊಡನೆ ಆಗ ಚಿತ್ರದುರ್ಗದ ಕಡೆಗೆ ಸಾಗಿಸಲ್ಪಟ್ಟಿದ್ದನು. ಉತ್ತರದಿಂದ ಪರಶುರಾಮ ಭಾವುವಿನ ಮರಾಠಾ ಸೈನ್ಯವೂ ಅದರ ಜೊತೆಗಿದ್ದ ಇಂಗ್ಲಿಷ್ ತುಕಡಿಯೂ ಸಮೀಪಿಸುತ್ತಿರುವ ಸುದ್ದಿ ಬಂದಿತು. 1791ರಲ್ಲಿ ಅವನೂ ಡ್ರೇಕನೂ ಇನ್ನು ಮೂರು ನಾಲ್ಕು ಮಂದಿ ಸಂಗಡಿಗರೂ ತಪ್ಪಿಸಿಕೊಳ್ಳಲು ನಿಶ್ಚಯಿಸಿದರು.

ಒಂಬತ್ತು ವರ್ಷಗಳಿಂದ ಸ್ಕರಿಯು ಕಾಯುತ್ತಿದ್ದ ಗಳಿಗೆ ಇದೇ. ಆದರೆ ಈಗ ಅವನ ಹಿಂದೆ ಹೆಂಡತಿಯೂ ಮಗುವೂ ಇದ್ದರು. ಅವರನ್ನು ಕರೆದುಕೊಂಡು ಕಾಡುದಾರಿಯಲ್ಲಿ ಕಾವಲುಗಳನ್ನು ದಾಟುವುದು ಆಗದ ಮಾತು. ಬಿಟ್ಟು ಹೋದರೆ ಮತ್ತೆ ಕಾಣುವುದು ಆಗದ ಮಾತು. ಹದಿನಾರನೆಯ ವಯಸ್ಸಿನಲ್ಲಿ ಅವನನ್ನು ಇತರರು ಮನೆಯಿಂದ ಬೇರ್ಪಡಿಸಿದ್ದರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ತನ್ನ ಮನೆಯಿಂದ ಅವನು ತಾನೇ ಬೇರ್ಪಡಬೇಕಾಯಿತು. ಅವನು ಹೊರಟನು. ಆ ಅಗಲಿಕೆಯ ನೋವನ್ನು ಮುಪ್ಪಿನವರೆಗೂ ಹೊತ್ತಿದ್ದನೆಂಬುದು ಅವನ ಬರಹದಿಂದ ತಿಳಿಯುತ್ತದೆ. ಅವನ ನಿರ್ಧಾರ ಸರಿಯೆಂದು ಹೇಳುವವರೂ ತಪ್ಪೆಂದು ಹೇಳುವವರೂ ಇರಬಹುದು. ಆ ಹೆಂಗಸಿನ ಮಾತನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಕಾಡುಮೇಡುಗಳಲ್ಲಿ ಅಲೆದು ಅವರು ಮರಾಠರ ನೆಲೆಯನ್ನು ಮುಟ್ಟಿ, ಅಲ್ಲಿಂದ ಇಂಗ್ಲಿಷ್ ತುಕಡಿಯನ್ನು ಸೇರಿದರು. ಕಿವಿಯಲ್ಲಿ ಬಳೆ, ಬಿಸಿಲಿಗೆ ಸುಟ್ಟು ಕಪ್ಪಾದ ಮೈ, ಮೈಮೇಲೆ ಮೈಸೂರಿನ ಉಡುಪು. ಸ್ವದೇಶದವರು ಅವರನ್ನು ಸ್ವದೇಶದವರೆಂದು ನಂಬುವುದೇ ಕಷ್ಟವಾಯಿತು. ಬಾಯಿ ತೆರೆದರೆ ಇಂಗ್ಲಿಷ್ ಮಾತು ತೊದಲುತ್ತಿತ್ತು, ನುಡಿಗಟ್ಟುಗಳು ಮರೆತುಹೋಗಿದ್ದವು. ಊಟಕ್ಕೆ ಕರೆದು ಮೇಜಿನ ಮುಂದೆ ಕೂರಿಸಿದಾಗ ಸ್ಕರಿಗೆ ಕುರ್ಚಿಯ ಮೇಲೆ ಕುಳಿತುಕೊಳ್ಳಲು ಬಾರದು, ಚೂರಿ ಮುಳ್ಳುಗಳನ್ನು ಹಿಡಿಯಲು ಬಾರದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೈಯಿಂದ ಉಣ್ಣುವುದೇ ಅವನಿಗೆ ಸಹಜವಾಗಿತ್ತು. ಕೊಟ್ಟ ಬಿಗಿಯಾದ ಬಟ್ಟೆಗಳು ಮೈಗೆ ಹಿಡಿಸಲಿಲ್ಲ. ಹತ್ತು ವರ್ಷಗಳ ಹಿಂದೆ ಹರಿದ ಷರಾಯಿಯನ್ನು ಕಿತ್ತುಕೊಂಡಾಗ ಅತ್ತಿದ್ದ ಹುಡುಗನು ಈಗ ಹೊಸ ಷರಾಯಿಯನ್ನು ತೊಡಲು ಹಿಂಜರಿದನು ಎಂದರೆ ತಪ್ಪಾಗಲಾರದು.

ಸ್ಕರಿಯು ಇಂಗ್ಲೆಂಡಿಗೆ ಹಿಂದಿರುಗಿ 1822ರಲ್ಲಿ ಮಡಿದನು. ಅವನ ಸೆರೆವಾಸದ ಕಥೆಯು 1824ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಇಂತಹ ಪುಸ್ತಕಗಳನ್ನು ಓದುವಾಗ ಎಚ್ಚರ ಬೇಕು. ಅವು ಘಟನೆಗಳು ನಡೆದು ಬಹುಕಾಲವಾದ ಮೇಲೆ ನೆನಪಿನಿಂದ ಮೂಡಿದವು. ಮೈಸೂರಿನ ಅರಸರನ್ನು ಕ್ರೂರಿಗಳೆಂದು ಚಿತ್ರಿಸುವುದರಲ್ಲಿ ಅಂದಿನ ಇಂಗ್ಲಿಷ್ ಓದುಗರಿಗೆ ವಿಶೇಷ ರುಚಿಯಿತ್ತು. ಮೈಸೂರನ್ನು ಗೆದ್ದುದು ನ್ಯಾಯವೇ ಎಂದು ತೋರಿಸಲು ಕಂಪನಿಗೂ ಅವು ಒದಗಿಬಂದವು. ಆದರೆ ಕುರ್ಚಿಯ ಮೇಲೆ ಕೂರಲಾರದೆ ಹೋದವನ ಸಂಕೋಚವನ್ನು ಯಾವ ರಾಜಕಾರಣಕ್ಕಾಗಿಯೂ ಯಾರೂ ಕಟ್ಟಬೇಕಾಗಿರಲಿಲ್ಲ. ಆ ಭಾಗವನ್ನು ನಂಬಬಹುದು.

ಸ್ಕರಿಯು ತಪ್ಪಿಸಿಕೊಂಡ ವರ್ಷವೇ ಇಂಗ್ಲಿಷರ ಸೈನ್ಯವು ಈ ಬೆಟ್ಟಗಳ ನಾಡಿಗೆ ನುಗ್ಗಿತು. ಯಾರಿಂದಲೂ ಏರಲಾಗದೆಂದು ಹೆಸರಾಗಿದ್ದ ಸಾವನದುರ್ಗವು 1791ರ ಡಿಸೆಂಬರ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಕೈಸೇರಿತು. ಅದರ ಬೆನ್ನಿಗೆ ರಾಮಗಿರಿಯೂ ಶರಣಾಯಿತು. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದು, ಟೀಪೂ ಸುಲ್ತಾನನು ಸಂಧಿಗೆ ಒಪ್ಪಬೇಕಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ಇದರ ಮೇಲೆ ಇನ್ನೊಂದು ಷರತ್ತು, ಹಣ ಸಲ್ಲುವವರೆಗೆ ಸುಲ್ತಾನನ ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾಗಿ ಇಂಗ್ಲಿಷರಲ್ಲಿ ಇರತಕ್ಕದ್ದು.

1792ರ ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಹುಡುಗರು ಆನೆಯ ಮೇಲೆ ಕುಳಿತು ಇಂಗ್ಲಿಷರ ಪಾಳೆಯಕ್ಕೆ ಬಂದರು. ಹಿರಿಯನಿಗೆ ಹತ್ತು ವರ್ಷ, ಕಿರಿಯನಿಗೆ ಎಂಟು. ಕೊರಳಲ್ಲಿ ಮುತ್ತಿನ ಸರಗಳು. ಮುಖದಲ್ಲಿ ವಯಸ್ಸಿಗೆ ಮೀರಿದ ಗಾಂಭೀರ್ಯ. ಕಾರ್ನ್‌ವಾಲಿಸನು ಡೇರೆಯ ಬಾಗಿಲಿಗೆ ಬಂದು ಅವರನ್ನು ಅಪ್ಪಿಕೊಂಡು, ಕೈಹಿಡಿದು ಒಳಗೆ ಕರೆದೊಯ್ದು, ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರವನ್ನು ಕೊಟ್ಟನು. ಈ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಆ ಚಿತ್ರಗಳಲ್ಲೆಲ್ಲ ಕಾರ್ನ್‌ವಾಲಿಸನು ತಂದೆಯಂತೆ ಕಾಣುತ್ತಾನೆ. ಎಷ್ಟು ಮೃದುವಾಗಿ ಹಿಡಿದರೂ ಅದು ಸೆರೆಯೇ. ಹುಡುಗರನ್ನು ಮದರಾಸಿಗೆ ಕರೆದೊಯ್ದು ಇರಿಸಿದರು. ಅವರ ಹೆಸರನ್ನು ಯಾರೂ ಬದಲಿಸಲಿಲ್ಲ, ಮತವನ್ನು ಮುಟ್ಟಲಿಲ್ಲ ಎಂಬುದನ್ನೂ ಹೇಳಲೇಬೇಕು. 1794ರ ಮಾರ್ಚಿನಲ್ಲಿ, ಹಣವೆಲ್ಲ ಸಂದ ಮೇಲೆ, ದೇವನಹಳ್ಳಿಯಲ್ಲಿ ಅವರನ್ನು ತಂದೆಗೆ ಒಪ್ಪಿಸಲಾಯಿತು.

ಐದು ವರ್ಷಗಳು ಕಳೆದವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದು ನುಗ್ಗಿದ ಪಡೆಯನ್ನು ನಡೆಸಿದವನು, ಹಿಂದೆ ಅದೇ ಪಟ್ಟಣದಲ್ಲಿ ಕೈದಿಯಾಗಿದ್ದ ಡೇವಿಡ್ ಬೇರ್ಡನೇ. ಸುಲ್ತಾನನು ಆ ಮಧ್ಯಾಹ್ನ ಕಾದುತ್ತ ಮಡಿದಿದ್ದನು. ಆ ಸುದ್ದಿ ಅರಮನೆಗೆ ಇನ್ನೂ ಮುಟ್ಟಿರಲಿಲ್ಲ. ಅರಮನೆಯ ಒಳಗಿದ್ದ ಮುಯಿಜುದ್ದೀನನನ್ನು ಹೊರಗೆ ಕರೆತಂದಾಗ ಬಾಗಿಲಲ್ಲಿ ಬೇರ್ಡನು ನಿಂತಿದ್ದನು. ಕೆಲವೇ ದಿನಗಳ ಹಿಂದೆ ಸೆರೆಸಿಕ್ಕ ಇಂಗ್ಲಿಷ್ ಸೈನಿಕರನ್ನು ಕೊಲ್ಲಲಾಯಿತೆಂಬ ವಾರ್ತೆಯಿಂದ ಅವನು ಕೆಂಡವಾಗಿದ್ದನು. ಎದುರಿಗೆ ಬಂದವನು ಹದಿನೈದು ವರ್ಷದ ಹುಡುಗ. ಬೇರ್ಡನ ಮುಖದ ಬಿಗಿ ಸಡಿಲಿತು. ಯಾರೂ ನಿನ್ನನ್ನು ಮುಟ್ಟುವುದಿಲ್ಲವೆಂದು ಭರವಸೆ ಕೊಟ್ಟು, ಕಾವಲಿನೊಡನೆ ಅವನನ್ನು ಪಾಳೆಯಕ್ಕೆ ಕಳುಹಿಸಿದನು. ಮುಂದೆ ಆ ರಾಜಕುಮಾರರೆಲ್ಲರನ್ನೂ ವೆಲ್ಲೂರಿನ ಕೋಟೆಗೆ ಸಾಗಿಸಿದರು.